ಪಾಚಿಗೆ ತಾಮ್ರ ಎಷ್ಟಾದರೆ ಜಾಸ್ತಿ? ಮನೆಯಲ್ಲೇ ಪರೀಕ್ಷಿಸಿ

ಹಡಗು, ದೋಣಿಗಳ ತಳಕ್ಕೆ ಚಿಪ್ಪುಜೀವಿಗಳು ಅಂಟಬಾರದು ಅಂತ ತಾಮ್ರ ಬೆರೆಸಿದ ಬಣ್ಣ ಬಳಿಯುತ್ತಾರೆ. ತವರದ ವಿಷಬಣ್ಣಕ್ಕೆ ಅಂತರರಾಷ್ಟ್ರೀಯ ನಿಷೇಧ 2008ರಲ್ಲಿ ಜಾರಿಗೆ ಬಂದ ಮೇಲೆ ತಾಮ್ರವೇ ಮುಖ್ಯ. ಅದು ದಿನಾ ಸ್ವಲ್ಪ ಸ್ವಲ್ಪ ನೀರಿಗೆ ಇಳಿಯುತ್ತದೆ. ಬಂದರುಗಳ ಸುತ್ತ ಕಣ್ಣಿಗೆ ಕಾಣದ ಕಡಲ ಪಾಚಿಗಳಿಗೆ ಪೆಟ್ಟು ಬೀಳುವುದು ಹೀಗೆ.

ಧಾರವಾಡದಲ್ಲಿ ಕಡಲಿಲ್ಲ, ಕೆಲಗೇರಿ ಕೆರೆ ಇದೆ. ತೋಟದ ತೊಟ್ಟಿಯ ಹಸಿರು ನೀರೂ ಸಾಕು. ಅದಕ್ಕೆ ಉಪ್ಪು ಹಾಕಿ ಕಡಲು ಮಾಡಲು ಹೋಗಬೇಡಿ. ಕೆರೆ ಪಾಚಿ ಉಪ್ಪಿಗೇ ಸಾಯುತ್ತದೆ, ತಾಮ್ರದ ಕಥೆ ತಿಳಿಯುವುದೇ ಇಲ್ಲ.

ಮೊದಲು ಹಸಿರು ನೀರನ್ನು ಒತ್ತಾದ ನೇಯ್ಗೆಯ ಬಟ್ಟೆಯಲ್ಲಿ ಸೋಸಿ. ಇದನ್ನು ಬಿಟ್ಟರೆ ಫಲಿತಾಂಶ ಉಲ್ಟಾ ಬರಬಹುದು. ಪಾಚಿ ತಿನ್ನುವ ನೀರುಚಿಗಟ ಎಂಬ ಪುಟ್ಟ ಜೀವಿಗಳು ತಾಮ್ರಕ್ಕೆ ಬೇಗ ಸಾಯುತ್ತವೆ. ತಿನ್ನುವವರು ಇಲ್ಲದೆ ಪಾಚಿ ಹೆಚ್ಚಿದರೆ, ತಾಮ್ರ ಒಳ್ಳೆಯದು ಅಂತ ಅನಿಸಿಬಿಡುತ್ತದೆ!

ಇನ್ನು ತಾಮ್ರಕ್ಕೆ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ. ಇದು ವಿಷ. ಕೈಗವಸು ಹಾಕಿ, ಮಕ್ಕಳ ಜೊತೆ ದೊಡ್ಡವರು ಇರಲಿ. 1 ಗ್ರಾಂ ಅಡುಗೆಮನೆ ತಕ್ಕಡಿಯಲ್ಲಿ ಸರಿಯಾಗಿ ಸಿಗದು, ಶಾಲೆಯ ಪ್ರಯೋಗಾಲಯದಲ್ಲಿ ತೂಗಿಸಿ. ಅದನ್ನು 1 ಲೀಟರ್ ಬ್ಯಾಟರಿ ನೀರಿನಲ್ಲಿ (ಬ್ಯಾಟರಿಗೆ ತುಂಬುವ ಶುದ್ಧ ಡಿಸ್ಟಿಲ್ಡ್ ನೀರು, ಆಮ್ಲವಲ್ಲ) ಕರಗಿಸಿ. ಮೈಲುತುತ್ತದಲ್ಲಿ ತಾಮ್ರ ಕಾಲು ಪಾಲು ಮಾತ್ರ, ಹಾಗಾಗಿ ಇದರ 1 ಮಿ.ಲೀ.ನಲ್ಲಿ ಸುಮಾರು 0.25 ಮಿ.ಗ್ರಾಂ ತಾಮ್ರ ಇರುತ್ತದೆ. ಇದರಲ್ಲಿ 10 ಮಿ.ಲೀ. ತೆಗೆದು, ಬ್ಯಾಟರಿ ನೀರು ಸೇರಿಸಿ 100 ಮಿ.ಲೀ. ಮಾಡಿದರೆ ತೆಳು ದ್ರಾವಣ ಸಿದ್ಧ.

ನಾಲ್ಕು ಬಾಟಲಿಗಳಿಗೆ ಅರ್ಧರ್ಧ ಲೀಟರ್ ಹಸಿರು ನೀರು ತುಂಬಿ. ಒಂದಕ್ಕೆ ಏನೂ ಬೇಡ. ಎರಡನೆಯದಕ್ಕೆ ಸಿರಿಂಜ್‌ನಿಂದ ತೆಳು ದ್ರಾವಣ 1 ಮಿ.ಲೀ., ಮೂರನೆಯದಕ್ಕೆ 4 ಮಿ.ಲೀ. ನಾಲ್ಕನೆಯದಕ್ಕೆ ಮೊದಲು ಮಾಡಿದ ಗಟ್ಟಿ ದ್ರಾವಣವೇ 2 ಮಿ.ಲೀ. ಆಗ ಲೀಟರಿಗೆ 0.05, 0.2 ಮತ್ತು 1 ಮಿ.ಗ್ರಾಂ ತಾಮ್ರ ಬೀಳುತ್ತದೆ. ಮುಚ್ಚಳ ಸಡಿಲವಿರಲಿ. ನೇರ ಬಿಸಿಲು ಬೀಳದ ಬೆಳಕಿನ ಕಿಟಕಿಯ ಬಳಿ ಇಟ್ಟು ದಿನಕ್ಕೆರಡು ಸಲ ಕುಲುಕಿ.

ಪಾಚಿ ಬೆಳೆಯಲಿ ಅಂತ ಬಾಟಲಿಗಳಿಗೆ ಗೊಬ್ಬರ ಹಾಕಲೇಬೇಕು ಅನಿಸಿದರೆ ಪೊಟ್ಟಣ ಓದಿ. ಇಡಿಟಿಎ ಅಂತ ಬರೆದಿದ್ದರೆ ಬೇಡ. ಅದು ತಾಮ್ರವನ್ನು ಹಿಡಿದಿಟ್ಟುಕೊಳ್ಳುತ್ತದೆ. ಪಾಚಿಗೆ ಹೊಡೆತ ಕೊಡುವುದು ಮುಖ್ಯವಾಗಿ ನೀರಿನಲ್ಲಿ ಬಿಡಿಯಾಗಿ ತಿರುಗುವ ತಾಮ್ರದ ಅಯಾನು (ವಿದ್ಯುದಂಶ ಹೊತ್ತ ಕಣ), ಒಟ್ಟು ತಾಮ್ರವಲ್ಲ. ಗದಗದ ಕಡೆಯ ಗಡಸು ಬೋರ್‌ವೆಲ್ ನೀರಿನಲ್ಲಿ ಅದೇ ಪ್ರಮಾಣಕ್ಕೆ ಪೆಟ್ಟು ಕಡಿಮೆ ಕಂಡರೆ ಆಶ್ಚರ್ಯ ಬೇಡ. ಎಲೆ ಕೊಳೆತು ಕಂದಾದ ನೀರಿನಲ್ಲೂ ಹಾಗೇ. ನನಗಂತೂ ಈ ಪ್ರಯೋಗದ ಸ್ವಾರಸ್ಯವೇ ಇದು. ಎರಡು ಊರಿನ ನೀರು ತಂದು ಹೋಲಿಸಿದರೆ ಇನ್ನೂ ಚೆನ್ನ.

ದಿನಾ ಒಂದೇ ಹೊತ್ತಿಗೆ, ಕುಲುಕಿದ ನಂತರ, ಬಾಟಲಿಗಳ ಹಿಂದೆ ಅಚ್ಚಿನ ಹಾಳೆ ಹಿಡಿದು ಫೋಟೋ ತೆಗೆಯಿರಿ. ಅಕ್ಷರ ಮಸುಕಾದಷ್ಟೂ ಪಾಚಿ ಜಾಸ್ತಿ. ಕಾಲೇಜಿನ ಸೂಕ್ಷ್ಮದರ್ಶಕ ಸಿಕ್ಕರೆ ಕೋಶಗಳನ್ನೇ ಎಣಿಸಿ, ಅದು ಹೆಚ್ಚು ನಂಬಿಕೆಯದು. ಯಾಕೆಂದರೆ ಬಣ್ಣ ಮಾಸುವುದಕ್ಕೆ ಎರಡು ಕಾರಣ: ಕೋಶಗಳು ಕಡಿಮೆಯಾಗಿರಬಹುದು, ಇಲ್ಲವೇ ಇರುವ ಕೋಶಗಳೇ ಬಿಳಚಿರಬಹುದು.

ಒಳಗೆ ಆಗುವುದೇನು? ಚೂರು ತಾಮ್ರ ಪಾಚಿಗೆ ಬೇಕು. ಬೆಳಕಿನಿಂದ ಆಹಾರ ಮಾಡುವಾಗ ಎಲೆಕ್ಟ್ರಾನ್ ಸಾಗಿಸುವ ಪ್ಲಾಸ್ಟೊಸಯಾನಿನ್ ಎಂಬ ಪ್ರೋಟೀನಿನಲ್ಲಿ ಅದು ಇದೆ. ಜಾಸ್ತಿಯಾದರೆ ಪತ್ರಹರಿತ್ತಿನ ಮೆಗ್ನೀಷಿಯಂ ಜಾಗದಲ್ಲಿ ತಾಮ್ರ ಬಂದು ಕೂರುತ್ತದೆ. ಬೆಳಕು ಹಿಡಿಯುವ ವ್ಯವಸ್ಥೆ ಕೆಡುತ್ತದೆ. ಉಗ್ರ ಆಮ್ಲಜನಕದ ಕಣಗಳು ಹುಟ್ಟಿ ಕೋಶದ ಪೊರೆಯನ್ನು ಹಾಳು ಮಾಡುತ್ತವೆ. ಕೋಶ ಒಡೆದು ಎರಡಾಗುವುದು ನಿಧಾನವಾಗುತ್ತದೆ. ಕಡಲಿನಲ್ಲೂ ಇದೇ. ಆದರೆ ಎಲ್ಲ ಜಾತಿಗೂ ಒಂದೇ ಪೆಟ್ಟಲ್ಲ: ನೀಲಿಹಸಿರು ಪಾಚಿಗಳು ಬೇಗ ಸೋಲುತ್ತವೆ, ಕೆಲವು ಹಸಿರು ಪಾಚಿಗಳು ತಡೆದುಕೊಳ್ಳುತ್ತವೆ.

ಮುಗಿದ ಮೇಲೆ ಆ ನೀರನ್ನು ಉಣಕಲ್ ಕೆರೆಗಾಗಲಿ, ಚರಂಡಿಗಾಗಲಿ ಸುರಿಯಬೇಡಿ. ಮೀನಿಗೂ ತಾಮ್ರ ವಿಷವೇ. ಉಳಿದ ದ್ರಾವಣವನ್ನೂ ಸೇರಿಸಿ, ಹೆಸರು ಬರೆದ ಬಾಟಲಿಯಲ್ಲಿ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯಕ್ಕೆ ಒಪ್ಪಿಸಿ.