ಬಸ್ಸಿನ ಹಿಂದೆ ಬರೆದ ಸಾಲು: ಕ್ರೀಡಾ ಉಡುಪಿಗೆ ಜಾಹೀರಾತು ಮಾಡಿದ ನನ್ನ ಅನುಭವ

ಸೋಪಿನ ಜಾಹೀರಾತಿನಲ್ಲಿ ಸೋಪು ಏನು ಮಾಡುತ್ತದೆ ಅಂತ ಹೇಳಿದರೆ ಕೆಲಸ ಮುಗಿಯಿತು. ಶೂ, ಟ್ರ್ಯಾಕ್ ಪ್ಯಾಂಟು, ಟೀ ಶರ್ಟಿನ ಕಥೆ ಬೇರೆ. ಪ್ಯಾಂಟು ತಾನಾಗಿ ಓಡುವುದಿಲ್ಲ. ಕೊಂಡವರೇ ಬೆಳಗ್ಗೆ ಐದೂವರೆಗೆ ಎದ್ದು, ಬಾಗಿಲು ತೆಗೆದು, ಬೀದಿಗೆ ಇಳಿಯಬೇಕು. ಅದಕ್ಕೇ ಇಂಥ ಜಾಹೀರಾತುಗಳು ಬಟ್ಟೆಯ ಬಗ್ಗೆ ಕಡಿಮೆ, ಹಾಕಿಕೊಳ್ಳುವವರ ಬಗ್ಗೆ ಜಾಸ್ತಿ ಮಾತಾಡುತ್ತವೆ.

ನಾನು ಕನ್ನಡದಲ್ಲಿ ಜಾಹೀರಾತು ಬರೆಯುವವಳು. ಹುಬ್ಬಳ್ಳಿಯ ಒಂದು ಚಿಕ್ಕ ಗಾರ್ಮೆಂಟ್ ಕಂಪನಿಯವರು ಹೆಂಗಸರ ವಾಕಿಂಗ್, ರನ್ನಿಂಗ್ ಬಟ್ಟೆ ತರುವವರಿದ್ದರು. "ಮೇಡಂ, ನೋಡಿದವರಿಗೆ ಹುರುಪು ಬರಬೇಕ ನೋಡ್ರಿ" ಅಂದರು ಮಾಲೀಕರು. ಕೈಯಲ್ಲಿದ್ದ ದುಡ್ಡು ಕಡಿಮೆ. ಒಂದು ಮೂವತ್ತು ಸೆಕೆಂಡಿನ ಫಿಲ್ಮು, ಸಿಟಿ ಬಸ್ಸುಗಳ ಹಿಂದೆ ಒಂದಿಷ್ಟು ಜಾಗ, ಅಂಗಡಿ ಮುಂದಿನ ಬೋರ್ಡು, ಅಷ್ಟೇ. ಅದನ್ನು ಹೇಗೆ ಮಾಡಿದೆ ಅಂತ ಬರೆಯುತ್ತಿದ್ದೇನೆ, ಇದೇ ಕೆಲಸಕ್ಕೆ ಕೈ ಹಾಕುವವರಿಗೆ ಉಪಯೋಗ ಆಗಲಿ.

ಪೆನ್ನು ಹಿಡಿಯುವ ಮೊದಲು ನನ್ನನ್ನು ನಿಜವಾಗಿ ಅಲುಗಾಡಿಸಿದ ಹಳೇ ಜಾಹೀರಾತುಗಳನ್ನು ಮತ್ತೆ ಮತ್ತೆ ನೋಡಿದೆ. 1988ರಲ್ಲಿ ನೈಕಿಯವರು 'ಜಸ್ಟ್ ಡೂ ಇಟ್' ಶುರು ಮಾಡಿದಾಗ ಮೊದಲು ತೋರಿಸಿದ್ದು ಯಾವ ಚಾಂಪಿಯನ್ನನ್ನೂ ಅಲ್ಲ. ವಾಲ್ಟ್ ಸ್ಟ್ಯಾಕ್ ಅನ್ನುವ 80 ವರ್ಷದ ಅಜ್ಜನನ್ನು. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆ ಮೇಲೆ ಬರೀ ಮೈಯಲ್ಲಿ ಓಡುತ್ತಾ ಬರುತ್ತಾನೆ. ದಿನಾ ಬೆಳಗ್ಗೆ 17 ಮೈಲಿ ಓಡ್ತೀನಿ ಅನ್ನುತ್ತಾನೆ. ಚಳಿಗಾಲದಲ್ಲಿ ಹಲ್ಲು ಕಟಕಟ ಅನ್ನಲ್ವಾ ಅಂತ ಜನ ಕೇಳ್ತಾರಂತೆ, ಹಲ್ಲಿನ ಸೆಟ್ಟನ್ನು ಲಾಕರ್‌ನಲ್ಲೇ ಬಿಟ್ಟು ಬರ್ತೀನಿ ಅನ್ನುತ್ತಾನೆ. ಶೂ ಎಷ್ಟು ಹಗುರ, ಅಡಿ ಎಷ್ಟು ಮೆತ್ತಗಿದೆ, ಒಂದು ಮಾತೂ ಇಲ್ಲ. ನೋಡಿದವನಿಗೆ ಮಾತ್ರ, ಈ ಅಜ್ಜನೇ ಓಡ್ತಾನೆ ಅಂದ್ಮೇಲೆ ನಂದೇನು ಅಂತ ಅನ್ನಿಸಿಬಿಡುತ್ತದೆ.

ಈ ಯೋಚನೆ ಆ ಕಂಪನಿಗೆ ದಿಢೀರ್ ಅಂತ ಬಂದಿದ್ದಲ್ಲ. ಅದರ ಸ್ಥಾಪಕರಲ್ಲಿ ಒಬ್ಬರಾದ ಬಿಲ್ ಬೋವರ್‌ಮನ್ ಒರೆಗಾನ್ ವಿಶ್ವವಿದ್ಯಾಲಯದಲ್ಲಿ ಓಟದ ಕೋಚ್ ಆಗಿದ್ದವರು. 1962ರಲ್ಲಿ ನ್ಯೂಜಿಲೆಂಡ್‌ಗೆ ಹೋದಾಗ ಆರ್ಥರ್ ಲಿಡಿಯಾರ್ಡ್ ಅನ್ನುವ ಕೋಚ್ ಅಲ್ಲಿ ಮಾಮೂಲಿ ಜನರನ್ನು, ವಯಸ್ಸಾದವರನ್ನೂ ಸೇರಿಸಿಕೊಂಡು ನಿಧಾನಕ್ಕೆ ಓಡಿಸುತ್ತಿದ್ದುದನ್ನು ಕಂಡರು. ಊರಿಗೆ ವಾಪಸ್ ಬಂದು ತಮ್ಮ ಊರಿನವರಿಗೂ ಜಾಗಿಂಗ್ ಹೇಳಿಕೊಟ್ಟರು, 1967ರಲ್ಲಿ ಅದರ ಬಗ್ಗೆ ಪುಸ್ತಕವನ್ನೇ ಬರೆದರು. ದೇಹ ಇದ್ದವರೆಲ್ಲ ಕ್ರೀಡಾಪಟುಗಳೇ ಅನ್ನುವುದು ಅವರ ಮಾತು. ನನ್ನ ಕೆಲಸಕ್ಕೆ ಬುನಾದಿ ಆದದ್ದು ಇದೇ ಮಾತು.

ಇನ್ನೊಂದು, 2012ರದ್ದು. ಲಂಡನ್ ಒಲಿಂಪಿಕ್ಸ್‌ಗೆ ಅಧಿಕೃತ ಪ್ರಾಯೋಜಕರು ಅಡಿಡಾಸ್‌ನವರು. ನೈಕಿಯವರು ಲಂಡನ್ ಅನ್ನುವ ಹೆಸರಿರುವ ಬೇರೆ ಬೇರೆ ಊರುಗಳನ್ನು ಹುಡುಕಿ ಅಲ್ಲಿನ ಸಾಮಾನ್ಯರನ್ನು ತೋರಿಸಿದರು. ಅದರಲ್ಲಿ ಅಮೆರಿಕದ ಓಹಾಯೋದ ಲಂಡನ್ನಿನ ನೇಥನ್ ಅನ್ನುವ 12 ವರ್ಷದ ದಪ್ಪ ಹುಡುಗನ ಫಿಲ್ಮು ಇದೆ. ಖಾಲಿ ಹಳ್ಳಿ ರಸ್ತೆ. ದೂರದಲ್ಲಿ ಒಂದು ಚುಕ್ಕಿ. ಅದು ಮೆಲ್ಲಗೆ ಹತ್ತಿರ ಬರುತ್ತಾ ಬರುತ್ತಾ ಹುಡುಗನಾಗುತ್ತದೆ. ಅಂಗಿ ಬೆವರಲ್ಲಿ ತೊಯ್ದಿದೆ, ಹೆಜ್ಜೆ ಭಾರ. ಪೂರ್ತಿ ಒಂದೇ ಶಾಟ್. ನಿಲ್ಲುವುದಿಲ್ಲ ಅನ್ನುವುದೊಂದೇ ಕಥೆ. ಹುಡುಗನ ಮೈಯನ್ನು ಬಳಸಿಕೊಂಡರು ಅಂತ ಆಗ ಕೆಲವರು ತಕರಾರು ತೆಗೆದಿದ್ದರು, ಆ ಮಾತನ್ನೂ ನಾನು ಮರೆತಿಲ್ಲ. ಆದರೂ ಆ ಹುಡುಗನನ್ನು ನೋಡಿ ಯಾರೂ ನಗುವುದಕ್ಕೆ ಆಗದ ಹಾಗೆ ಕ್ಯಾಮೆರಾ ಇಟ್ಟಿದ್ದಾರೆ. ಅವನ ಮುಂದೆ ಮುಂದೆ ಕ್ಯಾಮೆರಾ ಮೆಲ್ಲಗೆ ಹಿಂದೆ ಸರಿಯುತ್ತದೆ.

ನಮ್ಮ ದೇಶದಲ್ಲೂ ಒಳ್ಳೇ ಕೆಲಸ ಆಗಿದೆ. 2007ರಲ್ಲಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ಬಸ್ಸುಗಳ ತಲೆ ಮೇಲೆ ಹುಡುಗರು ಕ್ರಿಕೆಟ್ ಆಡಿದ ನೈಕಿ ಜಾಹೀರಾತು ಯಾರಿಗೆ ನೆನಪಿಲ್ಲ? ಅದಕ್ಕೆ ಕೊಂಕಣಿ ಹಾಡು. ಅಂದರೆ ದೇಶವೆಲ್ಲ ನೋಡುವ ಜಾಹೀರಾತಿಗೆ ಚಿಕ್ಕ ಭಾಷೆ ಸಾಲದು ಅಂತ ಹೆದರಲಿಲ್ಲ. ಇದು ನನಗೆ ದೊಡ್ಡ ಧೈರ್ಯ ಕೊಟ್ಟಿತು.

ಅಡಿಡಾಸ್‌ನವರ 'ಆಡ್ಸ್' (Odds) ಅನ್ನುವ ಶೂ ಜಾಹೀರಾತು ಇನ್ನೂ ಒಂದು ಹೆಜ್ಜೆ ಮುಂದೆ. ಕಾರ್ಗಿಲ್ ಯುದ್ಧದಲ್ಲಿ ಕಾಲು ಕಳೆದುಕೊಂಡು ಆಮೇಲೆ ಬ್ಲೇಡ್ ಕಟ್ಟಿಕೊಂಡು ಓಡಿದ ಮೇಜರ್ ಡಿ. ಪಿ. ಸಿಂಗ್ ಅದರಲ್ಲಿದ್ದರು. ಒಂದೇ ಕಾಲಿಗೆ ಶೂ ಬೇಕಾದವರು ಯಾಕೆ ಎರಡನೇ ಶೂ ಸುಮ್ನೆ ಎಸೆಯಬೇಕು? ಎರಡೂ ಎಡಗಾಲಿನದು, ಇಲ್ಲ ಎರಡೂ ಬಲಗಾಲಿನದು, ಹೀಗೆ ಜೋಡಿ ಮಾಡಿ ಕೊಟ್ಟರು. ಮಾತಿನಲ್ಲಿ ಹುರುಪು ತುಂಬಿ ಕೈ ತೊಳೆದುಕೊಳ್ಳಲಿಲ್ಲ, ಮಾರುವ ವಸ್ತುವನ್ನೇ ಬದಲಾಯಿಸಿದರು.

ಇಷ್ಟು ನೋಡಿದ ಮೇಲೆ ನೃಪತುಂಗ ಬೆಟ್ಟಕ್ಕೆ ಹೋಗಿ ಕೂತೆ. ಹುಬ್ಬಳ್ಳಿಯವರಿಗೆ ಗೊತ್ತು, ಬೆಳಗಿನ ಹೊತ್ತು ಅಲ್ಲಿ ವಾಕಿಂಗ್ ಬರುವವರು ಎಷ್ಟು ಅಂತ. ಗಂಡಸರು ಚಡ್ಡಿ, ಬನಿಯನ್, ಬರ್ಮುಡಾ ಏನು ಸಿಕ್ಕಿತೋ ಅದರಲ್ಲಿ ಬರುತ್ತಾರೆ. ಹೆಂಗಸರು ಸೀರೆ ಇಲ್ಲ ಚೂಡಿದಾರ, ಮೇಲೆ ಸ್ವೆಟರು, ಕೆಳಗೆ ಸ್ಪೋರ್ಟ್ಸ್ ಶೂ. ಒಬ್ಬ ಅಕ್ಕಾರು ಮಗನ ಹಳೇ ಪಿಟಿ ಶೂ ಹಾಕಿಕೊಂಡು, ಸೀರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನಾನು ಏದುಸಿರು ಬಿಡುವ ಏರಿನಲ್ಲಿ ಸರಸರ ಹತ್ತುತ್ತಿದ್ದರು. ಪಕ್ಕದಲ್ಲಿ ನಡೆಯುತ್ತಾ ಮಾತು ತೆಗೆದೆ. ಟ್ರ್ಯಾಕ್ ಪ್ಯಾಂಟು ಯಾಕೆ ಹಾಕಲ್ಲ ಅಂತ ಕೇಳಿದೆ.

"ಯವ್ವಾ, ಮನ್ಯಾಗ ಐತಿ. ಮಗಳು ತಂದು ಕೊಟ್ಟಾಳ. ಹಾಕ್ಕೊಂಡು ಬಂದ್ರ ಓಣ್ಯಾಗ ಮಂದಿ ಏನಂತಾರ?"

ಬೇರೆ ಬೇರೆ ಬಾಯಲ್ಲಿ ಇದೇ ಮಾತು ಕೇಳುತ್ತಾ ಹೋದೆ. ಹಾಗಾಗಿ ನಾನು ಗಟ್ಟಿಯಾಗಿ ನಂಬುವುದು ಏನೆಂದರೆ, ನಮ್ಮ ಹೆಂಗಸರನ್ನು ಮನೆಯಲ್ಲಿ ಕೂರಿಸುವುದು ಸೋಮಾರಿತನ ಅಲ್ಲವೇ ಅಲ್ಲ, ಸಂಕೋಚ. ಬೆಳಗ್ಗೆ ನಾಲ್ಕೂವರೆಗೆ ಎದ್ದು ನೀರು ತುಂಬಿ, ಅಂಗಳ ಗುಡಿಸಿ, ರೊಟ್ಟಿ ಬಡಿದು, ಡಬ್ಬಿ ಕಟ್ಟಿ ಕಳಿಸುವವರಿಗೆ 'ಏಳಿ, ಎದ್ದೇಳಿ, ನೆಪ ಹೇಳಬೇಡಿ' ಅಂತ ಜಾಹೀರಾತು ಬರೆದರೆ ಅದು ಅವಮಾನ. ಸೋಮಾರಿಗೆ ಬೇಕಾದ ಮಾತು ಬೇರೆ, ಸಂಕೋಚ ಪಡುವವರಿಗೆ ಬೇಕಾದ ಮಾತು ಬೇರೆ. ಎಷ್ಟೋ ದೊಡ್ಡ ಜಾಹೀರಾತುಗಳು ಇದನ್ನು ನೋಡದೆ ಎಲ್ಲರಿಗೂ ಗದರಿಸುತ್ತವೆ.

ಅಲ್ಲೇ ಇನ್ನೊಂದು ವಿಷಯ ಗೊತ್ತಾಯಿತು. ಪ್ಯಾಂಟಿಗಿಂತ ಜಾಸ್ತಿ ಮುಜುಗರ ಕೊಡುತ್ತಿದ್ದದ್ದು ಟೀ ಶರ್ಟು. ಅಂಗಡಿಯಲ್ಲಿ ಸಿಗುವುದೆಲ್ಲ ಗಿಡ್ಡ. ಸೊಂಟದ ಕೆಳಗೆ ಬರುವುದೇ ಇಲ್ಲ. ಕೈ ಎತ್ತಿದರೆ ಮೇಲಕ್ಕೆ ಹೋಗುತ್ತದೆ. ಇನ್ನೊಂದು, ಜೇಬು. ಮನೆ ಕೀಲಿ ಎಲ್ಲಿಡಬೇಕು, ಫೋನ್ ಎಲ್ಲಿಡಬೇಕು? ಕೈಯಲ್ಲಿ ಹಿಡಿದುಕೊಂಡು ಓಡಲಿಕ್ಕಾಗುತ್ತದಾ?

ಜಾಹೀರಾತು ಬರೆಯುವ ಮೊದಲು ನೇರವಾಗಿ ಮಾಲೀಕರ ಹತ್ತಿರ ಹೋದೆ. ಟೀ ಶರ್ಟಿನ ಉದ್ದ ತೊಡೆಯ ಅರ್ಧದವರೆಗೆ ಬರಲಿ, ಪಕ್ಕದಲ್ಲಿ ಸ್ವಲ್ಪ ಸೀಳು ಇರಲಿ, ಪ್ಯಾಂಟಿನ ಎರಡೂ ಕಡೆ ಜಿಪ್ ಇರುವ ಆಳದ ಜೇಬು ಇರಲಿ ಅಂದೆ. ಬಟ್ಟೆ ಜಾಸ್ತಿ ಹೋಗ್ತದ ಅಂತ ಲೆಕ್ಕ ಹಾಕಿದರು. ಅಲ್ಲಿದ್ದ ಟೈಲರ್ ಅಕ್ಕಾರು ನನ್ನ ಪರ ನಿಂತರು, "ಖರೆ ಹೇಳಾಕತ್ತಾರ್ರಿ, ನಾನೂ ಅದಕ್ಕ ಹಾಕ್ಕೊಳ್ಳಂಗಿಲ್ಲ" ಅಂದರು. ಮಾಲೀಕರು ಒಪ್ಪಿದರು. ಅವತ್ತು ನನ್ನ ಅರ್ಧ ಕೆಲಸ ಮುಗಿದ ಹಾಗಾಯಿತು.

ಇನ್ನು ಬಸ್ಸು. ನಮಗೆ ಸಿಟಿ ಬಸ್ಸಿನ ಹಿಂಭಾಗವೇ ಬೇಕು ಅಂತ ನಾನು ಹಟ ಹಿಡಿದೆ. ಹುಬ್ಬಳ್ಳಿ-ಧಾರವಾಡದ ನಡುವೆ ತನ್ನದೇ ಪ್ರತ್ಯೇಕ ಪಥದಲ್ಲಿ ಓಡುವ ಚಿಗರಿ ಬಸ್ಸು ಬೇಡ ಅಂದೆ. ಚಿಗರಿಗೆ ಜನ ನಿಲ್ದಾಣದೊಳಗೆ ನಿಂತು ಕಾಯುತ್ತಾರೆ. ಓಡಿ ಹೋಗಿ ಹಿಡಿಯುವುದು ಸಾದಾ ಬಸ್ಸನ್ನು. ಸೀರೆ ಉಟ್ಟು, ಕೈಯಲ್ಲಿ ಚೀಲ ಹಿಡಿದು, ಹೊರಟ ಬಸ್ಸಿನ ಹಿಂದೆ ಓಡದ ಹೆಂಗಸು ನಮ್ಮ ಕಡೆ ಸಿಗುವುದಿಲ್ಲ. ಆಗ ಯಾರೂ ಏನೂ ಅನ್ನುವುದಿಲ್ಲ, ಅವರಿಗೂ ನಾಚಿಕೆ ಆಗುವುದಿಲ್ಲ. ಹೀಗಾಗಿ ಸಾಲು ತಾನಾಗಿ ಬಂತು:

"ಬಸ್ ಹಿಡಿಯಾಕ ಓಡಿದ್ರಿ. ನಾಳಿ ಸುಮ್ನ ಓಡ್ರಿ."

ಇದನ್ನು ಆಫೀಸಿನಲ್ಲಿ ಚರ್ಚೆ ಮಾಡದೆ ಬಸ್ ನಿಲ್ದಾಣದಲ್ಲಿ ಒಬ್ಬ ಕಂಡಕ್ಟರ್‌ಗೆ ಓದಿ ಹೇಳಿದೆ. "ದಿನಾ ನೋಡ್ತೀವ್ರಿ ಓಡಿ ಬರೋರನ್ನ, ಹಾಕ್ರಿ" ಅಂತ ನಕ್ಕರು. ಪಕ್ಕದಲ್ಲಿ ನಿಂತಿದ್ದ ಇಬ್ಬರು ಹುಡುಗಿಯರೂ ನಕ್ಕರು. ಕೇಳಿದ ತಕ್ಷಣ ತಮ್ಮದೇ ಅನ್ನಿಸಿತು ಅಂತ ನನಗೆ ಗೊತ್ತಾಯಿತು. ಬರೆಯುವವರಿಗೆ ಒಂದು ಕಿವಿಮಾತು: ಬಸ್ಸಿನ ಕೆಳಗಿನ ಅರ್ಧಕ್ಕೆ ಧೂಳು, ಕೆಸರು ಬಡಿಯುತ್ತದೆ. ಮುಖ್ಯ ಸಾಲು ಮೇಲಿರಲಿ, ಕಡು ಬಣ್ಣದ ಮೇಲೆ ಬಿಳಿ ಅಕ್ಷರ ಇರಲಿ, ಕಂಪನಿ ಹೆಸರು ಚಿಕ್ಕದಾದರೂ ಸಾಲಿನ ಪಕ್ಕದಲ್ಲೇ ಇರಲಿ.

ಫಿಲ್ಮಿಗೆ ಮಾಡೆಲ್ ಬೇಡ ಅಂತ ಮೊದಲೇ ತೀರ್ಮಾನ ಆಗಿತ್ತು. ಬೆಟ್ಟದಲ್ಲಿ ಸಿಕ್ಕ ಆ ಅಕ್ಕಾರನ್ನೇ ಕೇಳಿದೆವು. ಮಗಳಿಗೆ ಫೋನ್ ಮಾಡಿ ಕೇಳಿ, ಹೂಂ ಅಂದರು. ಅವರ ಮನೆ, ಅವರ ಓಣಿ, ಸೂರ್ಯ ಹುಟ್ಟುವ ಹೊತ್ತು. ಒಲೆ ಆರಿಸುತ್ತಾರೆ. ಲೇಸು ಕಟ್ಟುತ್ತಾರೆ. ಕೀಲಿ ಜೇಬಿಗೆ ಹಾಕಿ ಜಿಪ್ ಎಳೆಯುತ್ತಾರೆ, ಆ ಜಿಪ್ಪಿನ ಶಬ್ದ ಚೆನ್ನಾಗಿ ಕೇಳಬೇಕು ಅಂತ ಮೈಕನ್ನು ಹತ್ತಿರ ಹಿಡಿಸಿದೆ. ಓಣಿಯ ಕಟ್ಟೆ ಮೇಲೆ ಪೇಪರ್ ಓದುತ್ತಾ ಕೂತ ಕಾಕಾ ಒಬ್ಬರು ತಲೆ ಎತ್ತಿ ಇವರನ್ನೇ ನೋಡುತ್ತಾರೆ. ಅಕ್ಕಾರು ಒಂದು ಗಳಿಗೆ ತಲೆ ತಗ್ಗಿಸುತ್ತಾರೆ. ಆಮೇಲೆ ನಿಂತು ಕೇಳುತ್ತಾರೆ, "ಕಾಕಾರ, ನೀವೂ ಬರ್ತೀರೇನು?" ಫಿಲ್ಮು ಮುಗಿಯಿತು.

ಸಂಗೀತ ಹಾಕೋಣ ಅಂತ ಎಡಿಟರ್ ಹೇಳಿದರು, ಸ್ಲೋ ಮೋಷನ್ ಮಾಡೋಣ ಅಂದರು. ಎರಡೂ ಬೇಡ ಅಂದೆ. ನಗಾರಿ ಬಡಿದರೆ ನೋಡುವವರಿಗೆ ಇದು ಯಾರೋ ದೊಡ್ಡವರ ಕೆಲಸ ಅನ್ನಿಸುತ್ತದೆ. ಬಳೆ ಸದ್ದು, ಹೆಜ್ಜೆ ಸದ್ದು, ದೂರದಲ್ಲಿ ಹಾಲಿನವನ ಬೈಕು ಕೇಳಿದರೆ ಇದು ನಮ್ಮ ಓಣಿ ಅನ್ನಿಸುತ್ತದೆ.

ಮಾಲೀಕರಿಗೆ ಕೊನೆಯವರೆಗೂ ಒಂದು ಆಸೆ ಇತ್ತು, ಯಾರಾದರೂ ಕ್ರಿಕೆಟರ್ ಇರಬೇಕಿತ್ತು ಅಂತ. ಸ್ಟಾರ್ ಬೇಡ ಅಂತ ನಾನು ಹೇಳುವುದಿಲ್ಲ. ಬೆಂಗಳೂರಿನಿಂದಲೇ ಭಾರತದ ವ್ಯವಹಾರ ನೋಡಿಕೊಳ್ಳುವ ಪೂಮಾದವರು 2017ರಲ್ಲಿ ವಿರಾಟ್ ಕೊಹ್ಲಿಯನ್ನು ತಂದಾಗ ಎಷ್ಟೋ ಹುಡುಗರು ಜಿಮ್ ಕಡೆ ಮುಖ ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ನೆಟ್ಸ್‌ನಲ್ಲಿ ಬೆವರು ಸುರಿಸುವ ಹುಡುಗನಿಗೆ ತಾನು ಮುಟ್ಟಬೇಕಾದ ಎತ್ತರ ಕಾಣಬೇಕು, ಸರಿ. ಓಣಿ ದಾಟಲಿಕ್ಕೆ ಹಿಂದೆ ಮುಂದೆ ನೋಡುವ ಐವತ್ತರ ಅಕ್ಕಾರಿಗೆ ಮಾತ್ರ ತಮ್ಮಂಥವರೇ ಒಬ್ಬರು ಆ ಓಣಿ ದಾಟಿದ್ದು ಕಾಣಬೇಕು.

ತೂಕ ಇಳಿಸುವ ಮಾತು ಎಲ್ಲೂ ಬರಕೂಡದು ಅಂತಲೂ ಮೊದಲೇ ಕರಾರು ಮಾಡಿಕೊಂಡಿದ್ದೆ. 'ಮೊದಲು ಹೀಗಿದ್ದರು, ಈಗ ಹೀಗಾಗಿದ್ದಾರೆ' ಅನ್ನುವ ಜೋಡಿ ಫೋಟೋ ನಾನು ಯಾವತ್ತೂ ಮಾಡುವುದಿಲ್ಲ. ನಾಚಿಕೆ ಕಳೆಯಲು ಹೊರಟವರು ಹೊಸ ನಾಚಿಕೆ ಅಂಟಿಸಬಾರದು. ಮಂಡಿ ನೋವು ಇರುವವರು ಬಹಳ. ಅದಕ್ಕೇ ಅಂಗಡಿ ಬೋರ್ಡಿನಲ್ಲಿ 'ಓಡ್ರಿ' ಅನ್ನುವುದರ ಕೆಳಗೆ 'ನಡದ್ರೂ ನಡೀತದ' ಅಂತ ಸೇರಿಸಿದೆವು. ಆ ಬೋರ್ಡಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡವರು ಇದ್ದಾರೆ.

ಬಂದ ಫಲ ಅಂದರೆ, ಉದ್ದ ಟೀ ಶರ್ಟಿನಲ್ಲಿ ಮೊದಲು ಖಾಲಿಯಾದದ್ದು ಎಕ್ಸೆಲ್, ಡಬಲ್ ಎಕ್ಸೆಲ್ ಸೈಜು. ಅತ್ತೆ ಸೊಸೆ ಜೊತೆಯಾಗಿ ಬಂದು ಒಂದೇ ಬಣ್ಣದ ಜೋಡಿ ಕೇಳಿದರು ಅಂತ ಅಂಗಡಿ ಹುಡುಗಿ ಖುಷಿಯಿಂದ ಹೇಳಿದಳು. ಫಿಲ್ಮಿನ ಅಕ್ಕಾರ ಓಣಿಯಿಂದ ಈಗ ಗುಂಪೇ ಬೆಟ್ಟಕ್ಕೆ ಹೋಗುತ್ತದೆ.

ಮಾಲೀಕರು ಈಗ ಹೈಸ್ಕೂಲ್ ಹುಡುಗಿಯರಿಗೆ ಖೋ ಖೋ, ಕಬಡ್ಡಿ ಬಟ್ಟೆ ತರಬೇಕು ಅಂತಿದ್ದಾರೆ. ಹೊಸ ಸಾಲು ಬೇಕು, ಬೇಗ ಬೇಕು ಅನ್ನುತ್ತಾರೆ. ಮೊದಲು ಪಿಟಿ ಮೇಡಂ ಜೊತೆ ಮೈದಾನದಲ್ಲಿ ಕೂತು ಹುಡುಗಿಯರನ್ನು ಕೇಳಬೇಕು, ಚಡ್ಡಿಯ ಉದ್ದ ಎಷ್ಟಿರಬೇಕು, ಮುಟ್ಟಿನ ದಿನಗಳಿಗೆ ಯಾವ ಬಣ್ಣ ಆಗಬೇಕು, ಮಂಡಿ ಊರಿ ಕೂತಾಗ ಎಲ್ಲಿ ಬಿಗಿಯುತ್ತದೆ ಅಂತ. ಹೊಲಿಯುವ ಅಕ್ಕಾರನ್ನೂ ಜೊತೆಗೆ ಕರೆದುಕೊಂಡು ಬರುತ್ತೇನೆ ಅಂದಿದ್ದೇನೆ. ಸಾಲು ಆಮೇಲೆ ಬರೆದುಕೊಡ್ತೀನಿ.