ಸೈಟ್ ಮಾರಿಸುವವರೇ, ರೇರಾ ನೋಂದಣಿ ಮಾಡಿಸಿಕೊಳ್ಳಿ

ಸಾಗರ, ತೀರ್ಥಹಳ್ಳಿ, ಶಿವಮೊಗ್ಗ ಕಡೆ ವ್ಯಾಪಾರ ಮಾಡಿಸುವ ಗೆಳೆಯರಿಗೆ ಒಂದು ಮಾತು. ಅಡಿಕೆ ತೋಟ ಮಾರಿಸಲು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಬೇಡ. ಆದರೆ ರೇರಾ ನಂಬರ್ ಇರುವ ಲೇಔಟಿನ ಸೈಟ್ ಮಾರಿಸಿ ಕಮಿಷನ್ ತೆಗೆದುಕೊಳ್ಳುವುದಾದರೆ ಏಜೆಂಟ್ ನೋಂದಣಿ ಬೇಕೇ ಬೇಕು. ಇಲ್ಲದಿದ್ದರೆ ದಿನಕ್ಕೆ 10,000 ರೂಪಾಯಿ ದಂಡ, ಸೈಟ್ ಬೆಲೆಯ ಶೇ. 5ರ ತನಕ ಏರಬಹುದು!

ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು, ಸುಮ್ನೆ ಬೆಂಗಳೂರು ಬಸ್ ಹತ್ತಬೇಡಿ. ಪ್ಯಾನ್‌ನಲ್ಲಿ ಇನಿಶಿಯಲ್ ಒಂಥರಾ, ಆಧಾರ್‌ನಲ್ಲಿ ಇನ್ನೊಂಥರಾ ಇದ್ದರೆ ಮೊದಲು ಅದನ್ನು ಸರಿ ಮಾಡಿಸಿ. ನನ್ನ ಅರ್ಜಿ ಅಲ್ಲೇ ಸಿಕ್ಕಿಕೊಂಡಿತ್ತು. ನೋಂದಣಿ 5 ವರ್ಷ ನಡೆಯುತ್ತದೆ. ಅಷ್ಟರಲ್ಲಿ ಮರೆತೇ ಹೋಗುತ್ತದೆ ಅಲ್ವಾ? ಮುಗಿಯಲು 3 ತಿಂಗಳಿಗೂ ಜಾಸ್ತಿ ಇರುವಾಗಲೇ ನವೀಕರಣಕ್ಕೆ ಹಾಕಿ. ಪ್ರತಿ ವ್ಯಾಪಾರದ ಲೆಕ್ಕ ಬರೆದಿಡಿ, ನೀವು ಮಾಡಿಸುವ ಪ್ರತಿ ಮಾರಾಟದಲ್ಲೂ ನಿಮ್ಮ ನೋಂದಣಿ ನಂಬರ್ ಹಾಕಿ.