ಬಳಚಿನ ಚಿಪ್ಪು ಕಾಲು ಕೊಯ್ದರೆ ಏನು ಮಾಡಬೇಕು, ಏನು ನೋಡಬೇಕು

ನಾನು ಕುಮಟಾ ಕಡೆ ನರ್ಸ್. ಅಘನಾಶಿನಿ ಹೊಳೆಯಲ್ಲಿ ನೀರು ಇಳಿದಾಗ ಬಳಚು ಎಂಬ ಚಿಪ್ಪಿನ ಜೀವಿ ಹೆಕ್ಕಲು ಹೋದವರು ಕಾಲು ಕೊಯ್ದುಕೊಂಡು ಬರುವುದು ನಮಗೆ ಹೊಸತಲ್ಲ. ಮರುದಿನ ಎಲ್ಲರದ್ದೂ ಒಂದೇ ಮಾತು: "ಸಿಸ್ಟರ್, ಬಾತಿದೆ, ವಿಷ ಏರ್ತಾ?" ಮೊದಲೆರಡು ದಿನ ಬಾತದ್ದಕ್ಕೇ ಗಾಬರಿ ಬೇಡ. ಬಾವು ಹರಡುತ್ತಿದೆಯಾ, ಇಳಿಯುತ್ತಿದೆಯಾ ಎಂದು ನೋಡಬೇಕು.

ಮೊದಲು ತೊಳೆಯಿರಿ. ಹೊಳೆ ನೀರಲ್ಲಿ ಅಲ್ಲ, ಕುಡಿಯುವ ನೀರಲ್ಲಿ. ನೀರು ಸುರಿಯುತ್ತಾ, ಸುತ್ತ ಸೋಪು ಹಚ್ಚಿ, ಐದು ನಿಮಿಷವಾದರೂ. ಕಾಣುವ ಚಿಪ್ಪಿನ ಚೂರು ತೆಗೆಯಿರಿ, ಆಳದಲ್ಲಿದ್ದರೆ ಪಿನ್ನಿನಿಂದ ಕೆದಕಬೇಡಿ, ಆಸ್ಪತ್ರೆಗೆ ಬನ್ನಿ. ಸುಣ್ಣ, ಕಾಫಿ ಪುಡಿ ಮೆತ್ತಬೇಡಿ. ಅದನ್ನು ಬಿಡಿಸುವಷ್ಟರಲ್ಲಿ ನಿಮಗೂ ಸಾಕಾಗುತ್ತದೆ, ನನಗೂ ಸಾಕಾಗುತ್ತದೆ. ಕೊನೆಯ ಟಿಟಿ (ಧನುರ್ವಾಯು ತಡೆಯುವ ಚುಚ್ಚುಮದ್ದು) ಹಾಕಿಸಿ 5 ವರ್ಷ ದಾಟಿದ್ದರೆ ಮತ್ತೆ ಹಾಕಿಸಿಕೊಳ್ಳಿ.

ಈಗ ಒಳಗೆ ಏನಾಗುತ್ತಿದೆ ನೋಡಿ. ಚರ್ಮದ ಕೆಳಗೆ ಮೊದಲಿಂದಲೂ ಕಾವಲಿಗಿರುವ ಜೀವಕೋಶಗಳಿವೆ, ಮ್ಯಾಕ್ರೋಫೇಜ್ ಮತ್ತು ಮಾಸ್ಟ್ ಕೋಶ. ಬ್ಯಾಕ್ಟೀರಿಯಾದ ಹೊರಕವಚ ನಮ್ಮ ಮೈಯಲ್ಲಿಲ್ಲದ ಪದಾರ್ಥ. ಅದರ ಗುರುತು ಸಿಕ್ಕಿದ ಕೂಡಲೇ ಇವು ರಾಸಾಯನಿಕ ಬಿಡುತ್ತವೆ. ರಕ್ತನಾಳ ಅಗಲವಾಗುತ್ತದೆ, ಅದಕ್ಕೇ ಬಿಸಿ, ಕೆಂಪು. ನಾಳದಿಂದ ನೀರು ಹೊರಗೆ ಸೋರುತ್ತದೆ, ಅದೇ ಬಾವು. ಕೆಲವು ಗಂಟೆಯೊಳಗೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ದಂಡುಗಟ್ಟಿ ಬಂದು ಬ್ಯಾಕ್ಟೀರಿಯಾ ನುಂಗಿ ತಾನೂ ಸಾಯುತ್ತದೆ. ಕೀವಿನಲ್ಲಿ ಬಹುಪಾಲು ಇವುಗಳ ಹೆಣವೇ. ಹಾಗಂತ ಹಿಂಡಬೇಡಿ, ಸೋಂಕು ಇನ್ನೂ ಒಳಗೆ ಹೋಗಬಹುದು.

ಜೀವಕೋಶಗಳು ಹೀಗೆ ಮೈ ಕಾಯುತ್ತವೆ ಎಂದು ಮೊದಲು ಕಂಡುಕೊಂಡದ್ದೂ ಕಡಲ ದಂಡೆಯಲ್ಲೇ. 1882ರಲ್ಲಿ ಇಟಲಿಯ ಮೆಸ್ಸೀನಾದಲ್ಲಿ ಮೆಚ್ನಿಕಾಫ್ ಎಂಬ ವಿಜ್ಞಾನಿ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಮುಳ್ಳು ಚುಚ್ಚಿಟ್ಟ. ಬೆಳಗ್ಗೆ ನೋಡಿದರೆ ಮುಳ್ಳಿನ ಸುತ್ತ ಜೀವಕೋಶಗಳು ಮುತ್ತಿಕೊಂಡಿದ್ದವು. 1908ರಲ್ಲಿ ನೊಬೆಲ್ ಬಂತು.

ಈಗ ಬಾಲ್ ಪೆನ್ ತೆಗೆದುಕೊಳ್ಳಿ. ನಮ್ಮ ಬಣ್ಣದ ಚರ್ಮದಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ, ಅದಕ್ಕೆ ಕಣ್ಣಿಗಿಂತ ಕೈಯನ್ನು ನಂಬಿ. ಅಂಗೈ ಬೇಡ, ಕೈಯ ಹಿಂಭಾಗದಿಂದ ಮುಟ್ಟಿ. ಇನ್ನೊಂದು ಕಾಲಿನ ಅದೇ ಜಾಗವನ್ನೂ ಮುಟ್ಟಿ ಹೋಲಿಸಿ. ಬಿಸಿ ಎಲ್ಲಿಗೆ ಮುಗಿಯುತ್ತದೋ ಅಲ್ಲಿ ಸುತ್ತ ಗೆರೆ ಎಳೆಯಿರಿ, ಪಕ್ಕದಲ್ಲಿ ಗಂಟೆ ಬರೆಯಿರಿ. ಕಾಲನ್ನು ದಿಂಬಿನ ಮೇಲೆ ಎತ್ತರಕ್ಕಿಟ್ಟು ಮಲಗಿ. ನೋವಿದ್ದರೆ ಪ್ಯಾರಾಸಿಟಮಾಲ್ ಸಾಕು. ಮೆಡಿಕಲ್‌ನಲ್ಲಿ ಕೇಳಿ ಎರಡು ದಿನದ ಆಂಟಿಬಯೋಟಿಕ್ ನುಂಗುವ ಚಾಳಿ ಬೇಡವೇ ಬೇಡ.

ಆರು ಗಂಟೆ ಬಿಟ್ಟು ಮತ್ತೆ ಮುಟ್ಟಿ. ಬಿಸಿ ಗೆರೆಯೊಳಗೇ ಇದೆ, ನೋವು ಏರಿಲ್ಲ ಅಂದರೆ ನಿಮ್ಮ ಮೈ ಕೆಲಸ ಮಾಡುತ್ತಿದೆ, ಸುಮ್ನೆ ಬಿಡಿ. ಗೆರೆ ದಾಟಿದರೆ ಬನ್ನಿ. ಕಾಲಿನ ಮೇಲಕ್ಕೆ ಕೆಂಪು ಪಟ್ಟೆ ಹತ್ತಿದರೆ, ಚಳಿ ಜ್ವರ ಬಂದರೆ, ಗಾಯ ಸಣ್ಣದಿದ್ದೂ ನೋವು ತಡೆಯಲಾಗದಷ್ಟಿದ್ದರೆ, ಚರ್ಮ ಕಪ್ಪಾಗಿ ಬೊಕ್ಕೆ ಎದ್ದರೆ ರಾತ್ರಿಯಾದರೂ ಹೊರಡಿ.

ಸಕ್ಕರೆ ಕಾಯಿಲೆ ಇದ್ದವರಿಗೆ ಈ ಲೆಕ್ಕ ಬೇರೆ. ಅವರ ನ್ಯೂಟ್ರೋಫಿಲ್ ಅಷ್ಟು ಚುರುಕಾಗಿರುವುದಿಲ್ಲ, ಪಾದದಲ್ಲಿ ನೋವೂ ಗೊತ್ತಾಗದಿರಬಹುದು. ಕುಡಿದು ಲಿವರ್ ಹಾಳಾದವರಿಗೂ ಅಪಾಯ ಜಾಸ್ತಿ: ಸಮುದ್ರ ಸೇರುವ ಜಾಗದ ಬೆಚ್ಚಗಿನ ಉಪ್ಪುನೀರಲ್ಲಿ ಬದುಕುವ ವಿಬ್ರಿಯೋ ವಲ್ನಿಫಿಕಸ್ ಎಂಬ ಬ್ಯಾಕ್ಟೀರಿಯಾ ಇಂಥವರಲ್ಲಿ ಒಂದೆರಡು ದಿನದಲ್ಲೇ ಪ್ರಾಣಕ್ಕೆ ಕುತ್ತು ತರಬಲ್ಲದು. ಇವರು ಗೆರೆ ಹಾಕಿ ಕಾಯುವುದು ಬೇಡ, ಅವತ್ತೇ ಬರಬೇಕು. ಡಾಕ್ಟರಿಗೆ "ಕಾಲು ಕೊಯ್ತು" ಅಂತಷ್ಟೇ ಹೇಳಬೇಡಿ. ಹೊಳೆಯ ಉಪ್ಪುನೀರಲ್ಲಿ ಚಿಪ್ಪು ತಾಗಿದ್ದು ಅಂತ ಹೇಳಿ. ಕೊಡುವ ಔಷಧಿ ಅದರ ಮೇಲೆ ಬದಲಾಗುತ್ತದೆ.